ಐಸ್ ಹಾಕಿಯ ಡಿಫೆನ್ಸ್ ಆಟಗಾರ ಕೇಲ್ ಮಕಾರ್ ಉತ್ತರ ಅಮೆರಿಕದ ಅತ್ಯುನ್ನತ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ಗೆ ಬಂದ ದಾರಿ ಹೇಗಿತ್ತು?

ಸುತ್ತುದಾರಿಯಲ್ಲಿ ಬಂದರು, ಅದೂ ಬೇಕೆಂದೇ. 1998ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ ಮಕಾರ್, ಹೆಸರುವಾಸಿಯಾದ ವೆಸ್ಟರ್ನ್ ಹಾಕಿ ಲೀಗ್ ಬಿಟ್ಟು, ಅದಕ್ಕಿಂತ ಕೆಳಹಂತದ ಆಲ್ಬರ್ಟಾ ಜೂನಿಯರ್ ಲೀಗ್‌ನಲ್ಲಿ ಬ್ರೂಕ್ಸ್ ಬ್ಯಾಂಡಿಟ್ಸ್ ಪರ ಆಡಿದರು. ವೆಸ್ಟರ್ನ್ ಲೀಗ್‌ನಲ್ಲಿ ಆಡಿದವರಿಗೆ ಆಗಿನ ನಿಯಮದಂತೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚಿಹೋಗುತ್ತಿತ್ತು.

ಎನ್‌ಎಚ್‌ಎಲ್ ತಂಡಗಳು ಯುವ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2017ರ ಡ್ರಾಫ್ಟ್‌ನಲ್ಲಿ ಕೊಲರಾಡೊ ಅವಲಾಂಚ್ ತಂಡ ಅವರನ್ನು 4ನೆಯವರಾಗಿ ಆರಿಸಿಕೊಂಡಿತು. ಆಗಲೂ ಅವಸರಪಡದೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡದಲ್ಲಿ 2 ಸೀಸನ್ ಆಡಿದರು. ಅವರು ಬರುವ ಹಿಂದಿನ ಸೀಸನ್‌ನಲ್ಲಿ ಬರೀ 5 ಪಂದ್ಯ ಗೆದ್ದಿದ್ದ ತಂಡವದು; 2019ರಲ್ಲಿ ರಾಷ್ಟ್ರೀಯ ಫೈನಲ್ ತಲುಪಿತು. ಆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಿಗುವ ಹೋಬಿ ಬೇಕರ್ ಪ್ರಶಸ್ತಿಯೂ ಅವರದಾಯಿತು.

ಆಮೇಲಿನದ್ದು ಈಗ ಓದಿದರೂ ಮೈ ಜುಮ್ಮೆನ್ನುತ್ತದೆ. ಏಪ್ರಿಲ್ 13ಕ್ಕೆ ಮಿನ್ನೆಸೋಟ ಡುಲುತ್ ಎದುರು ಫೈನಲ್ ಸೋತರು, ಮರುದಿನ ಅವಲಾಂಚ್ ಜೊತೆ ಒಪ್ಪಂದಕ್ಕೆ ಸಹಿ, 15ಕ್ಕೆ ಡೆನ್ವರ್‌ನಲ್ಲಿ ಪ್ಲೇಆಫ್ ಪಂದ್ಯ. ಎದುರಾಳಿ, ಹುಟ್ಟೂರಿನದೇ ತಂಡ ಕ್ಯಾಲ್ಗರಿ ಫ್ಲೇಮ್ಸ್! ಮೊದಲ ಅವಧಿಯಲ್ಲೇ ಹಿಂದಿನಿಂದ ನುಗ್ಗಿ ಬಂದು, ಎನ್‌ಎಚ್‌ಎಲ್‌ನಲ್ಲಿ ತಾವು ಹೊಡೆದ ಮೊದಲ ಶಾಟ್‌ನ್ನೇ ಗೋಲು ಮಾಡಿದರು. ಅವಲಾಂಚ್ 6-2ರಿಂದ ಗೆದ್ದಿತು.

ಮುಂದಿನ ಸೀಸನ್‌ನಲ್ಲಿ 57 ಪಂದ್ಯಗಳಿಂದ 50 ಪಾಯಿಂಟ್ (ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿ, ಶ್ರೇಷ್ಠ ಹೊಸಬನಿಗೆ ಕೊಡುವ ಕ್ಯಾಲ್ಡರ್ ಟ್ರೋಫಿ ಪಡೆದರು. ನನ್ನ ಮಟ್ಟಿಗೆ ಅವರ ದೊಡ್ಡ ಬಲ ಸ್ಕೇಟಿಂಗ್. ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯ ಉದ್ದಕ್ಕೂ ಅಡ್ಡಡ್ಡ ಜಾರುತ್ತ, ಭುಜ ಒಂದು ಕಡೆ ವಾಲಿಸಿ ಥಟ್ಟನೆ ಇನ್ನೊಂದು ಕಡೆ ತಿರುಗುತ್ತಾರೆ. ತಡೆಯಲು ಬಂದವನ ಪಕ್ಕದಲ್ಲಿ ಶಾಟ್‌ಗೆ ಬೇಕಾದಷ್ಟು ಜಾಗ ತೆರೆದುಕೊಳ್ಳುತ್ತದೆ.