ಅಲಸಂದಿ ಬಳ್ಳಿ ಆರಡಿ ಬೆಳೆದರೂ ಕಾಯಿ ಯಾಕಿಲ್ಲ?

ದಾವಣಗೆರೆ ಹಿತ್ತಿಲ ಎರೆಮಣ್ಣಲ್ಲಿ ಜೂನ್ ಮಧ್ಯಕ್ಕೆ ಕಿರಾಣಿ ಅಂಗಡಿಯ ಕಾಳು ಊರಿದ್ದೀರಿ. ವಾರಕ್ಕೊಮ್ಮೆ ಎರೆಗೊಬ್ಬರ, ನಡುವೆ ಎರಡು ಸಲ ಯೂರಿಯಾ, ದಿನಾ ನೀರು. ಎರಡು ತಿಂಗಳಿಗೆ ಬಳ್ಳಿ ಆರಡಿ, ಎಲೆ ಕಡುಹಸಿರು, ಅಲ್ಲೊಂದು ಇಲ್ಲೊಂದು ಬಿಟ್ಟ ಹೂವೂ ಉದುರುತ್ತಿದೆ, ತುದಿಗೆ ಕರಿ ಹೇನು. "ಇನ್ನೇನು ಗೊಬ್ಬರ ಹಾಕಲಿ?" ಅಂತ ಕೇಳಿದ್ದೀರಿ. ಏನೂ ಹಾಕಬೇಡಿ. ಹಾಕಿದ್ದೇ ಜಾಸ್ತಿಯಾಗಿದೆ.

ಅಲಸಂದಿ ತನಗೆ ಬೇಕಾದ ಸಾರಜನಕವನ್ನು ಬಹುಪಾಲು ಬೇರುಗಂಟಲ್ಲಿ ತಾನೇ ಮಾಡಿಕೊಳ್ಳುತ್ತದೆ. ಮೇಲಿಂದ ಯೂರಿಯಾ ಸಿಕ್ಕರೆ ಗಂಟು ಕಟ್ಟುವ ಉಸಾಬರಿಗೇ ಹೋಗದೆ ಬಳ್ಳಿಯಾಗಿ ಸೊಕ್ಕುತ್ತದೆ. ಅನುಮಾನ ಇದ್ದರೆ ಒಂದು ಗಿಡವನ್ನು ಮಣ್ಣುಸಮೇತ ಸಲಿಕೆಯಲ್ಲಿ ಎತ್ತಿ, ಬಕೆಟ್ ನೀರಲ್ಲಿ ಅಲ್ಲಾಡಿಸಿ ನೋಡಿ. ಕೈಯಲ್ಲಿ ಕಿತ್ತರೆ ಗಂಟೆಲ್ಲ ಮಣ್ಣಲ್ಲೇ ಉಳಿದುಬಿಡುತ್ತವೆ. ಬೇರಿನ ಪಕ್ಕಕ್ಕೆ ಅಂಟಿದ, ಸಾಸಿವೆಯಿಂದ ಜೋಳದ ಕಾಳಿನಷ್ಟಿರುವ ಗಂಟನ್ನು ಉಗುರಲ್ಲಿ ಸೀಳಿ. ಒಳಗೆ ಗುಲಾಬಿ-ಕೆಂಪು ಇದ್ದರೆ ಕೆಲಸ ನಡೆದಿದೆ, ಬಿಳಿಯೋ ಹಸಿರೋ ಇದ್ದರೆ ನಡೆದಿಲ್ಲ. ಗಂಟು ಉಜ್ಜಿದರೆ ಉದುರಬೇಕು. ಉದುರದೆ ಬೇರೇ ಊದಿಕೊಂಡಿದ್ದರೆ ಅದು ನೆಮಟೋಡ್ (ಬೇರಿಗೆ ಹೊಕ್ಕುವ, ಕಣ್ಣಿಗೆ ಕಾಣದ ಜಂತುಹುಳ) ಗಂಟು, ಬೇರೆ ಕಥೆ. ಆ ಮಡಿಗೆ ಮುಂದಿನ ಸಲ ಚೆಂಡುಹೂ ಹಾಕಿ. ಟೊಮೆಟೊ, ಬದನೆ, ಬೆಂಡೆ ಬೇಡ.

ಈಗಿನ ಬಳ್ಳಿಗೆ ಮಾಡಬೇಕಾದ್ದು ಇಷ್ಟೇ. ಗೊಬ್ಬರ ಪೂರ್ತಿ ನಿಲ್ಲಿಸಿ. ನೀರೂ ನಿಲ್ಲಿಸಿ, ಎರೆಮಣ್ಣಲ್ಲಿ ಬೆರಳು ಎರಡು ಇಂಚು ಇಳಿಸಿ, ಒಣಗಿದ್ದರೆ ಮಾತ್ರ ಕೊಡಿ. ಮಳೆಗಾಲದಲ್ಲಿ ದಿನಾ ನೀರೆರೆದರೆ ಬೇರಿಗೆ ಗಾಳಿಯೇ ಸಿಗುವುದಿಲ್ಲ, ಹೂ ಉದುರುತ್ತದೆ. ತುದಿಗಳನ್ನು ಒಂದು ಗೇಣಿನಷ್ಟು ಚಿವುಟಿ, ಹೇನು ಇಲ್ಲದ ಎಳೆ ಎಲೆಯನ್ನು ಸೊಪ್ಪಿನ ಪಲ್ಯಕ್ಕೆ ಬಳಸಿ. ಪಕ್ಕದ ಕವಲಲ್ಲಿ ಹೂ ಬರಬೇಕು. ಒಂದು ಹೂದಂಟಲ್ಲಿ ಎಷ್ಟೋ ಮೊಗ್ಗಿದ್ದರೂ ಎರಡು-ಮೂರು ಕಾಯಿ ನಿಲ್ಲುವುದೇ ವಾಡಿಕೆ. ಅಷ್ಟಕ್ಕೆ ಗಾಬರಿ ಬೇಡ.

ಇನ್ನೊಂದು ಸಾಧ್ಯತೆ ಬೀಜದ್ದು. ಕಿರಾಣಿ ಕಾಳು ಯಾವ ತಳಿ ಅಂತ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಹಬ್ಬುವ ನಾಟಿ ತಳಿಗಳಲ್ಲಿ ಕೆಲವು ಹಗಲು ಗಿಡ್ಡವಾಗುವ ತನಕ ಹೂವಿಗೆ ಮನಸ್ಸೇ ಮಾಡುವುದಿಲ್ಲ. ಹಾಗಿದ್ದರೆ ಸೆಪ್ಟೆಂಬರ್ ದಾಟುವವರೆಗೆ ಕಾಯಿರಿ, ಕಿತ್ತು ಹಾಕಬೇಡಿ. ಮುಂದಿನ ಸಲ ತಳಿ ನೋಡಿ ಬೀಜ ತನ್ನಿ: ಕಾಳಿಗೆ ಸಿ-152, ತರಕಾರಿಗೆ ಅರ್ಕಾ ಗರಿಮಾ ಅಥವಾ ಅರ್ಕಾ ಸುಮನ್, ಚಪ್ಪರದ ಮೇಲೆ ಮೊಳದುದ್ದ ಕಾಯಿ ಬೇಕಿದ್ದರೆ ಅರ್ಕಾ ಮಂಗಳಾ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ಚಿತ್ರದುರ್ಗದ ಕಡೆಯವರು ಹಿರಿಯೂರಿನ ಬಬ್ಬೂರು ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೀಜದ ಬಗ್ಗೆ ಕೇಳಿ ನೋಡಿ.

ಕರಿ ಹೇನಿಗೆ ಬರೋಣ. ಇರುವೆ ಸಾಲು ಕಂಡರೆ ಹೇನು ಇದೆ ಅಂತಲೇ ಲೆಕ್ಕ ಅನ್ನುತ್ತಾರೆ, ಆದರೆ ಅಲಸಂದಿಯ ಹೂದಂಟಲ್ಲೇ ಜೇನು ಒಸರುವ ಗ್ರಂಥಿ ಇದೆ, ಬರೀ ಅದಕ್ಕೂ ಇರುವೆ ಬರುತ್ತದೆ. ಎಳೆ ತುದಿ, ಕಾಯಿದಂಟು ತಿರುಗಿಸಿ ನೋಡಿ. ಹೇನು ಇದ್ದರೆ ಬೆಳಿಗ್ಗೆ ಪೈಪಿನ ನೀರನ್ನು ಜೋರಾಗಿ ಹಾಯಿಸಿ ತೊಳೆಯಿರಿ, ಮೂರು ದಿನ ಬಿಡದೆ. ಬಗ್ಗದಿದ್ದರೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಅದು ನೀರಲ್ಲಿ ಬೆರೆಯುವಷ್ಟು ಸೋಪು. ಇದನ್ನು ಸಂಜೆಯೇ ಹೊಡೆಯಿರಿ, ಯಾಕೆಂದರೆ ಹೂ ಅರಳುವುದು ಬೆಳಿಗ್ಗೆ, ಜೇನುಹುಳ ಬರುವುದೂ ಆಗಲೇ. ಗುಲಗಂಜಿ ಹುಳ ಕಂಡರೆ ಎರಡು ದಿನ ಕೈಕಟ್ಟಿ ಕೂರಿ, ಹೇನು ತಿನ್ನುವುದೇ ಅದರ ಕೆಲಸ. ಎಲೆ ಹಸಿರು-ಹಳದಿ ಚುಕ್ಕೆಯಾಗಿ ಮುರುಟಿದ್ದರೆ ಅದು ಹೇನು ಹರಡಿದ ಮೊಸಾಯಿಕ್ ಅನ್ನುವ ವೈರಸ್ ರೋಗ, ಔಷಧಿ ಇಲ್ಲ. ಗಿಡ ಕಿತ್ತು ತಿಪ್ಪೆಗಲ್ಲ, ಬೆಂಕಿಗೆ. ಅದರ ಬೀಜವನ್ನೂ ಇಡಬೇಡಿ, ರೋಗ ಬೀಜದಲ್ಲೂ ಬರುತ್ತದೆ. ದಿನ ಬಿಟ್ಟು ದಿನ ಕಾಯಿ ಕೀಳುವ ಬೆಳೆಗೆ ಅಂಗಡಿಯ ಘಾಟು ಕೀಟನಾಶಕ ಹೊಡೆದು ಅದನ್ನೇ ಸಾರಿಗೆ ಹಾಕುವುದು ನನಗಂತೂ ಸರಿಕಾಣದು.

ಹೂವು-ಕಾಯಿ ಬಲೆ ಕಟ್ಟಿದ ಹಾಗೆ ಒಂದಕ್ಕೊಂದು ಅಂಟಿದ್ದರೆ ಒಳಗೆ ಕಾಯಿಕೊರಕ ಇದೆ. ಆ ಗೊಂಚಲನ್ನೇ ಚಿವುಟಿ ಸೋಪುನೀರಿಗೆ ಹಾಕಿ.

ಮುಂದಿನ ಬಿತ್ತನೆಗೆ ಅಳತೆ ಹೇಳಿಬಿಡುತ್ತೇನೆ. ಒಂದು ಚದರ ಮೀಟರಿಗೆ 1 ಕೆ.ಜಿ. ಹಳೇ ಕೊಟ್ಟಿಗೆ ಗೊಬ್ಬರ, 30 ಗ್ರಾಂ ಸೂಪರ್ ಫಾಸ್ಫೇಟ್, ಯೂರಿಯಾ ಬೇಕೇಬೇಕಿದ್ದರೆ ಬಿತ್ತುವಾಗ ಒಂದೇ ಸಲ 5 ಗ್ರಾಂ. ಪೊದೆ ತಳಿಗೆ ಸಾಲಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಅರ್ಧ ಅಡಿ. ಬಳ್ಳಿಗೆ ಮೂರಡಿ, ಒಂದಡಿ. ಆಳ ಒಂದು ಇಂಚು. ಎರೆಮಣ್ಣಲ್ಲಿ ಮಡಿ ಏರಿಸಿ ಮೇಲೆ ಊರಿ. ಕಾಳು ನೆನೆಹಾಕಬೇಡಿ, ಸಿಪ್ಪೆ ಬಿರಿದು ಕೊಳೆಯುತ್ತದೆ. ರೈಜೋಬಿಯಂ (ಬೇರುಗಂಟು ಕಟ್ಟುವ ಬ್ಯಾಕ್ಟೀರಿಯಾ) ಪುಡಿಯನ್ನು ಬೆಲ್ಲದ ನೀರಲ್ಲಿ ಕಲಸಿ ಕಾಳಿಗೆ ಸವರಿ, ನೆರಳಲ್ಲಿ ಆರಿಸಿ ಅವತ್ತೇ ಊರಿ. ಅಲಸಂದಿಗೂ ಶೇಂಗಾಕ್ಕೂ ಗಂಟು ಕಟ್ಟುವುದು ಒಂದೇ ಗುಂಪಿನ ಬ್ಯಾಕ್ಟೀರಿಯಾ. ಹಾಗಾಗಿ ಚಳ್ಳಕೆರೆ ಕಡೆ ಶೇಂಗಾ ಬೆಳೆದ ಮಸಾರಿ ಹೊಲದವರು ಪುಡಿ ಹುಡುಕಿಕೊಂಡು ಅಲೆಯಬೇಕಿಲ್ಲ. ಬೇಸಿಗೆ ಬೆಳೆಯಾದರೆ ಫೆಬ್ರವರಿ ಮೊದಲ ವಾರದೊಳಗೆ ಬಿತ್ತಿ. ತಡವಾದರೆ ಏಪ್ರಿಲ್ ಸೆಕೆಗೆ ಹೂ ಸಿಕ್ಕಿಬೀಳುತ್ತದೆ, ರಾತ್ರಿಯೂ ತಂಪಾಗದಿದ್ದರೆ ಕಾಯಿ ಕಚ್ಚುವುದಿಲ್ಲ.

ಕಾಯಿ ಬಿಡಲು ಶುರುವಾದ ಮೇಲೆ ಎಳೆದು ಕೀಳಬೇಡಿ, ಕತ್ತರಿ ಹಿಡಿಯಿರಿ. ಹೂದಂಟು ಉಳಿದರೆ ಅದೇ ದಂಟಲ್ಲಿ ಮತ್ತೆ ಮೊಗ್ಗು ಬರುತ್ತದೆ. ಪಲ್ಯಕ್ಕೆ ಕಾಳು ಉಬ್ಬುವ ಮುಂಚೆ, ಮುದ್ದೆ ಜೊತೆ ಹಸಿಕಾಳು ಸಾರಿಗೆ ಸಿಪ್ಪೆ ಬಣ್ಣ ತಿರುಗಿ ಕಾಳು ತುಂಬಿದಾಗ. ಒಣಗಾಯಿ ಗಿಡದಲ್ಲೇ ಬಿಟ್ಟರೆ ಹೊಸ ಹೂ ಕಮ್ಮಿಯಾಗುತ್ತದೆ, ಬೀಜಕ್ಕೆ ಎರಡು ಗಿಡ ಬೇರೆಯೇ ಗುರುತು ಮಾಡಿ.

ಬೀಜದ ಕಾಳಿಗೆ ಹುಳ ಡಬ್ಬದಲ್ಲಿ ಹುಟ್ಟುವುದಲ್ಲ, ಹಿತ್ತಿಲಲ್ಲೇ ಒಣಗುತ್ತಿರುವ ಕಾಯಿಯ ಮೇಲೆ ಮೊಟ್ಟೆಯಾಗಿ ಬಂದಿರುತ್ತದೆ. ಕಾಳಿನ ಮೇಲೆ ಸುಣ್ಣದ ಚುಕ್ಕೆ ಹಾಗೆ ಕಂಡರೆ ಅದೇ. ಹಲ್ಲಿಗೆ ಕಟಕ್ ಅನ್ನುವಷ್ಟು ಒಣಗಿಸಿ, ಕೆ.ಜಿ.ಗೆ 5 ಮಿ.ಲೀ. ಹರಳೆಣ್ಣೆ ಸವರಿ ಬಿಗಿ ಡಬ್ಬಕ್ಕೆ ತುಂಬಿ.