ರಸ್ತೆ ಕಂಬದಿಂದ ತೋಟದ ಮನೆಗೆ ಫೈಬರ್: ಮೊದಲು ಪೈಪು, ಆಮೇಲೆ ಕೇಬಲ್

ಅಣ್ಣ, ನೀವು ಕೇಳಿದ್ದು ಇಷ್ಟು: ರಸ್ತೆ ಬದಿ ಕಂಬದಿಂದ ಮನೆಗೆ 160 ಮೀಟರ್, ನಡುವೆ ಅಡಿಕೆ ತೋಟ. ಬೋರ್‌ವೆಲ್ ಪಂಪಿನ ವೈರಿಗಾಗಿ ಹೇಗೂ ಜೆಸಿಬಿ ಬರುತ್ತಿದೆ. ಫೈಬರ್ ಇಂಟರ್ನೆಟ್ ಕಂಪನಿಯ ಹುಡುಗರು "ಮರಕ್ಕೆ ಕಟ್ಟಿಕೊಂಡು ತರ್ತೀವಿ" ಅಂದಿದ್ದಾರೆ. ಅದೇ ಕಾಲುವೆಯಲ್ಲಿ ಹೂಳಬಹುದಾ, ಮನೆ ಒಳಗೆ ಏನು ತಯಾರಿ ಬೇಕು?

ಹೂಳಿ. ಆದರೆ ಹೂಳಬೇಕಾದ್ದು ಪೈಪನ್ನು. ಕೇಬಲ್ ಅದರೊಳಗೆ ಎಳೆದು ತೆಗೆಯುವಂತಿರಬೇಕು. ಮನೆಗೆ ಬರುವ ಡ್ರಾಪ್ ಕೇಬಲ್ ಸುಮಾರು 2 ಮಿಮೀ ದಪ್ಪ, 5 ಮಿಮೀ ಅಗಲದ ಚಪ್ಪಟೆ ಪಟ್ಟಿ. ಅದನ್ನು ಬರಿ ಮಣ್ಣಲ್ಲಿ ಮುಚ್ಚಿದರೆ ಹೆಗ್ಗಣಕ್ಕೋ ಗುದ್ದಲಿಗೋ ಸಿಕ್ಕೇ ಸಿಗುತ್ತದೆ, ಆಗ ಪೂರ್ತಿ ಕಾಲುವೆ ಮತ್ತೆ ಅಗೆಯಬೇಕು. ಪೈಪಿದ್ದರೆ ಹಳೆಯದನ್ನು ಎಳೆದು ಹಾಕಿ ಹೊಸದನ್ನು ತೂರಿಸಲು ಅರ್ಧ ದಿನ ಸಾಕು.

ಮರಕ್ಕೆ ಕಟ್ಟುವುದು ಯಾಕೆ ಬೇಡ ಅಂದರೆ, ಅಡಿಕೆ ಮರ ಗಾಳಿಗೆ ತೂಗುತ್ತದೆ, ಕೇಬಲ್ ತೂಗುವುದಿಲ್ಲ. ಮೇಲಿನಿಂದ ಸೋಗೆ ಬೀಳುತ್ತದೆ, ಮಂಗ ಜೋತಾಡುತ್ತದೆ. ಅದಕ್ಕಿಂತ ಮುಖ್ಯ, ಔಷಧಿ ಹೊಡೆಯುವಾಗ, ಕೊನೆ (ಅಡಿಕೆ ಗೊನೆ) ತೆಗೆಯುವಾಗ ಮರದಿಂದ ಮರಕ್ಕೆ ದಾಟುವ ಕೊನೆಗಾರನಿಗೆ ಅಡ್ಡ ತಂತಿ ಅಪಾಯ. ದೋಟಿಗೂ ಸಿಕ್ಕಿಕೊಳ್ಳುತ್ತದೆ.

ಪೈಪು: 32 ಮಿಮೀ ಎಚ್‌ಡಿಪಿಇ, ನೀರಿಗೆ ಬಳಸುವ ಕಪ್ಪು ಪೈಪೇ ಆಯಿತು. ತೆಳುವಾದ ಡ್ರಿಪ್ ಪೈಪು ಮಣ್ಣಿನ ಭಾರಕ್ಕೆ ಚಪ್ಪಟೆಯಾಗುತ್ತದೆ. 160 ಮೀಟರಿಗೆ 175 ಮೀಟರ್ ತರಿಸಿ. ಜಾಯಿಂಟಿಗೆ ಕಂಪ್ರೆಶನ್ ಕಪ್ಲರ್ ಹಾಕಿ, ಕಾಯಿಸಿ ತುರುಕಬೇಡಿ. ಕತ್ತರಿಸಿದ ಬಾಯಿಯ ಒಳ ಅಂಚನ್ನು ಚಾಕುವಿನಿಂದ ಸವರಿ ನುಣುಪು ಮಾಡಿಯೇ ಜೋಡಿಸಿ, ಅಲ್ಲಿ ಉಳಿದ ಚೂಪು ಕೇಬಲ್ ಎಳೆಯುವಾಗ ಹೊದಿಕೆಯನ್ನು ಉದ್ದಕ್ಕೂ ಸೀಳುತ್ತದೆ. ತಿರುವುಗಳಲ್ಲಿ ನೀರಿನ ಪೈಪಿನ ಎಲ್ಬೋ ಬೇಡವೇ ಬೇಡ. ಪೈಪನ್ನೇ ಅರ್ಧ ಮೀಟರಿಗಿಂತ ದೊಡ್ಡ ಸುತ್ತಿನಲ್ಲಿ ನಿಧಾನಕ್ಕೆ ಬಾಗಿಸಿ.

ಕಾಲುವೆ 3 ಅಡಿ ಆಳ ಇರಲಿ. ತಳದಲ್ಲಿ ಪಂಪಿನ ವೈರು ಅದರದೇ ಪೈಪಿನಲ್ಲಿ, ಅದರ ಮೇಲೆ 1 ಅಡಿ ಕಲ್ಲಿಲ್ಲದ ಮಣ್ಣು, ಆಮೇಲೆ ಫೈಬರ್ ಪೈಪು. ಅಂದರೆ ಇದು ನೆಲದಿಂದ 2 ಅಡಿ ಕೆಳಗೆ ಬರುತ್ತದೆ. ಇನ್ನೊಂದು ಅಡಿ ಮಣ್ಣು ತುಂಬಿ ಹಳದಿಯೋ ಕೆಂಪೋ ಎಚ್ಚರಿಕೆ ಟೇಪು ಹಾಸಿ ಮುಚ್ಚಿ. "ಫೈಬರಿನಲ್ಲಿ ಬೆಳಕು ಹೋಗುವುದು, ಕರೆಂಟಿನಿಂದ ಏನಾಗುತ್ತದೆ" ಅಂತ ಕೆಲವರು ಎರಡನ್ನೂ ಒಂದೇ ಪೈಪಿಗೆ ತುರುಕುತ್ತಾರೆ. ಸಿಗ್ನಲ್ಲಿಗೆ ಏನೂ ಆಗುವುದಿಲ್ಲ, ನಿಜ. ಆದರೆ ಕೇಬಲಿನಲ್ಲಿ ಸ್ಟೀಲ್ ತಂತಿ ಇದ್ದು, ಪಂಪಿನ ವೈರು ಸುಲಿದಿದ್ದರೆ ಕರೆಂಟು ನೇರ ಮನೆಗೆ ಬರುತ್ತದೆ. ವೈರು ಸುಟ್ಟು ಹೊರಗೆಳೆಯುವಾಗ ಫೈಬರೂ ತುಂಡಾಗುತ್ತದೆ.

ಮಣ್ಣು ತುಂಬುವ ಮೊದಲು ನೋಡಬೇಕಾದ ಜಾಗ ಮೂರು. ಕಪ್ಪು ಅಂತೀವಲ್ಲ, ಆ ಬಸಿಗಾಲುವೆ ದಾಟುವಲ್ಲಿ ಪೈಪು ಅದರ ತಳಕ್ಕಿಂತ 1 ಅಡಿ ಕೆಳಗಿರಬೇಕು, ಅದರ ಮೇಲೊಂದು ಜಿಐ ಪೈಪಿನ ಕವಚ. ವರ್ಷ ವರ್ಷ ಕಪ್ಪು ಬಿಡಿಸುವಾಗ ಹೆಚ್ಚು ಏಟು ಬೀಳುವುದು ಇಲ್ಲೇ. ಗೊಬ್ಬರದ ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿ ಪೈಪು ನೆಲದಿಂದ 3 ಅಡಿಯಾದರೂ ಕೆಳಗಿರಲಿ, ಅಲ್ಲೂ ಜಿಐ ಕವಚ ಹಾಕಿ. ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿಗೆ ತಾಗಿ ಒಯ್ಯಬೇಡಿ, ಮಳೆಗಾಲದಲ್ಲಿ ಧರೆ ಜರಿದರೆ ಪೈಪೂ ಹೋಗುತ್ತದೆ. ಮರದ ಬುಡದಿಂದ 3 ಅಡಿಯಾದರೂ ದೂರವಿರಲಿ, 9 ಅಡಿ ಅಂತರದ ತೋಟವಾದರೆ ಸಾಲಿನ ನಟ್ಟನಡುವೆ ಹೋದರಾಯಿತು.

ಪ್ರತಿ 50 ಮೀಟರಿಗೆ, ಮತ್ತೆ ದೊಡ್ಡ ತಿರುವು ಇರುವಲ್ಲಿ, ಒಂದು ಛೇಂಬರ್ ಬೇಕು. ನಿಮಗೆ ಮಧ್ಯೆ ಮೂರು ಸಾಕು. 1 ಅಡಿ ಚೌಕದ ಇಟ್ಟಿಗೆ ಗೂಡು, ತಳಕ್ಕೆ ಗಾರೆ ಬೇಡ, ಜಲ್ಲಿ ಹಾಕಿ ನೀರು ಇಂಗಲಿ, ಮೇಲೆ ಸಿಮೆಂಟ್ ಹಲಗೆ. ಪೈಪಿನ ಬಾಯಿಯನ್ನು ಬಟ್ಟೆ ಉಂಡೆ ತುರುಕಿ ಬಿಡುವುದು ಸಾಲದು, ಇರುವೆ ಇಲಿ ಎರಡೂ ಒಳಗೆ ಹೋಗುತ್ತವೆ. ರಬ್ಬರ್ ಪ್ಲಗ್ಗೋ ಫೋಮೋ ಹಾಕಿ.

ಕೇಬಲ್ ಎಳೆಯುವ ಹಗ್ಗವನ್ನು ಪೈಪಿನೊಳಗೆ ಬಿಡಲು ಮರೆತರೆ ಮಾಡಿದ್ದೆಲ್ಲ ಹೊಳೆಗೆ ಹುಣಸೆಹಣ್ಣು. 4 ಮಿಮೀ ನೈಲಾನ್ ಹಗ್ಗ, ಪ್ರತಿ ಭಾಗದಲ್ಲೂ ಈ ತುದಿಯಿಂದ ಆ ತುದಿಗೆ ಹಾಯಿಸಿ, ಎರಡೂ ಕಡೆ 2 ಮೀಟರ್ ಹೊರಗಿಟ್ಟು ಕಟ್ಟಿ. ಸುಲಭದ ದಾರಿ: ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ತೆಳು ದಾರ ಕಟ್ಟಿ ಒಂದು ಬಾಯಿಗೆ ಹಾಕಿ, ಇನ್ನೊಂದು ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆಯಿರಿ, ದಾರದ ಹಿಂದೆ ಹಗ್ಗ ತನ್ನಿ. ಕೇಬಲ್ ಎಳೆಯುವ ದಿನ ಅದರ ಜೊತೆಗೇ ಇನ್ನೊಂದು ಹಗ್ಗ ಸೇರಿಸಿ ಒಳಗೇ ಬಿಡಿ. ಮುಂದೆ ಗೇಟಿನ ಕ್ಯಾಮರಾ ಲೈನಿಗೆ ಅದೇ ಸಾಕಾಗುತ್ತದೆ.

ಕೇಬಲ್ ಕಂಪನಿಯವರದ್ದೇ ಇರಲಿ, ಆದರೆ ಬುಕ್ ಮಾಡುವಾಗಲೇ ಎರಡು ಮಾತು ಹೇಳಿ. ಒಂದು, ಒಳಗಿನ ಬಲದ ಕಡ್ಡಿ ಎಫ್‌ಆರ್‌ಪಿ (ಗಾಜಿನ ನಾರಿನ ಪ್ಲಾಸ್ಟಿಕ್) ಆಗಿರಬೇಕು, ಸ್ಟೀಲ್ ಅಲ್ಲ. ನಮ್ಮ ಗುಡುಗು ಸಿಡಿಲಿನ ಊರಿಗೆ ಲೋಹವಿಲ್ಲದ ಕೇಬಲೇ ಸರಿ. ಎರಡು, ಕಂಬದಿಂದ ಮನೆವರೆಗೆ ಒಂದೇ ತುಂಡು, ತೋಟದ ನಡುವೆ ಜಾಯಿಂಟ್ ಇರಕೂಡದು. ಪೈಪಿನ 175 ಮೀಟರ್, ಕಂಬ ಏರಲು 8, ಕಂಬದ ಬಳಿ ಉಳಿಕೆ 10, ಮನೆಯಲ್ಲಿ 5. 200 ಮೀಟರ್ ಅಂತ ಹೇಳಿ. ಹೆಚ್ಚುವರಿ ಮೀಟರಿಗೆ ದುಡ್ಡು ಕೇಳುತ್ತಾರಾ ಅಂತ ಆಗಲೇ ತಿಳಿದುಕೊಳ್ಳಿ. ಕೇಬಲ್ ಮೇಲೆ ಮೀಟರ್ ಗುರುತು ಅಚ್ಚಾಗಿರುತ್ತದೆ, ಎರಡೂ ತುದಿಯ ಅಂಕೆ ಬರೆದಿಟ್ಟುಕೊಳ್ಳಿ.

ಎಳೆಯುವಾಗ ಇಬ್ಬರು ಬೇಕು, ಚುರುಕಿನವನು ಎಳೆಯುವ ಕಡೆಯಲ್ಲ, ಕೇಬಲ್ ಬಿಟ್ಟುಕೊಡುವ ಕಡೆ ಇರಲಿ. ತೆಳು ಎಫ್‌ಆರ್‌ಪಿ ಕೇಬಲ್ಲಿಗೆ ಸಾಮಾನ್ಯವಾಗಿ 80 ನ್ಯೂಟನ್, ಅಂದರೆ 8 ಕೆಜಿ ತೂಕದಷ್ಟು ಎಳೆತವೇ ಮಿತಿ. ಹಗ್ಗವನ್ನು ಕಡ್ಡಿಗಳಿಗೆ ಕಟ್ಟಿ ಮೇಲೆ ಟೇಪು ಸುತ್ತಿ. ಪ್ರತಿ ಛೇಂಬರಿನಲ್ಲೂ ಪೂರ್ತಿ ಹೊರಗೆ ತೆಗೆದು, ತಾಡಪಾಲಿನ ಮೇಲೆ ಇಂಗ್ಲಿಷಿನ 8ರ ಆಕಾರದಲ್ಲಿ ಹಾಸಿ ಮುಂದಿನ ಭಾಗಕ್ಕೆ ತೂರಿಸಿ. ದುಂಡಗೆ ಸುತ್ತಿದರೆ ಸುತ್ತಿಗೊಂದು ತಿರುಚು ಸೇರಿ ಕೊನೆಗೆ ಗಂಟಾಗುತ್ತದೆ. ಬಿಗಿಯಾಯಿತೋ, ನಿಲ್ಲಿಸಿ ಹಿಂದಕ್ಕೆ ಎಳೆಯಿರಿ. ಎಣ್ಣೆ ಗ್ರೀಸ್ ಬೇಡ, ಟಾಲ್ಕಮ್ ಪೌಡರ್ ಸಾಕು.

ಕಂಬ ಟಾರ್ ರಸ್ತೆಯ ಆಚೆ ಇದ್ದರೆ ರಸ್ತೆ ದಾಟಿಸುವುದು ಕಂಪನಿಯ ಕೆಲಸ. ರಸ್ತೆ ಅಂಚಲ್ಲಿ ಜೆಸಿಬಿ ಹಲ್ಲು ಇಳಿಸುವ ಮೊದಲು ಅಲ್ಲಿ ಬೇರೆ ಕೇಬಲ್ ಇದೆಯಾ ವಿಚಾರಿಸಿ. ಅದಕ್ಕೆಂದೇ 2023ರ ಮಾರ್ಚಿನಲ್ಲಿ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿದೆ.

ಮನೆ ಗೋಡೆಗೆ 12 ಮಿಮೀ ತೂತು, ಹೊರಗಡೆಗೆ ಇಳಿಜಾರಾಗಿ. ಹೊರಗೆ ತೂತಿಗಿಂತ ಕೆಳಗೆ ಕೇಬಲ್ ಒಂದು ಜೋತು ತೆಗೆದುಕೊಂಡು ಮೇಲೇರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕೊನೆಗೆ ಸಿಲಿಕಾನ್ ಹಚ್ಚಿ. ಒಳಗೆ 25 ಮಿಮೀ ಕಾಂಡ್ಯೂಟ್, ಉಳಿಕೆ ಕೇಬಲ್ಲನ್ನು ಅಂಗೈ ಅಗಲಕ್ಕಿಂತ ಚಿಕ್ಕದಾಗಿ ಸುತ್ತಬೇಡಿ. ಕಂಪನಿಯವರು ಕೊಡುವ ವೈಫೈ ಸಾಧನವನ್ನು ಅಟ್ಟದ ಮೂಲೆಗೆ ತಳ್ಳದೆ ಜಗುಲಿ ನಡುಮನೆ ಎರಡಕ್ಕೂ ಹತ್ತಿರ, ಎದೆ ಎತ್ತರದಲ್ಲಿಡಿ. ಜಂಬಿಟ್ಟಿಗೆಯ ದಪ್ಪ ಗೋಡೆ 5 ಗಿಗಾಹರ್ಟ್ಸ್ ವೈಫೈಯನ್ನು ನುಂಗಿಬಿಡುತ್ತದೆ. ಪಕ್ಕದಲ್ಲಿ ಇನ್ವರ್ಟರ್ ಲೈನಿನ 5 ಆಂಪಿಯರ್ ಪಾಯಿಂಟ್ ಎರಡಿರಲಿ. ಕೊಟ್ಟಿಗೆಗೋ ಅಡಿಕೆ ಮನೆಗೋ ತಾಮ್ರದ ಲ್ಯಾನ್ ವೈರು ಹೊರಗಿನಿಂದ ಎಳೆದರೆ ಫೈಬರ್ ಹಾಕಿಸಿ ದೂರವಿಟ್ಟ ಸಿಡಿಲನ್ನು ನೀವೇ ಕರೆದಂತೆ, ಅದಕ್ಕೂ ಫೈಬರೇ ಇರಲಿ.

ಕೆಲಸ ಮುಗಿದ ಮೇಲೆ ಮನೆಗೆ ತಲುಪುವ ಬೆಳಕಿನ ಬಲವನ್ನು ಮೀಟರ್ ಹಾಕಿ ತೋರಿಸಿ ಅನ್ನಿ. ಅದರ ಅಳತೆ ಡಿಬಿಎಂ, ಮೈನಸ್ ಅಂಕೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ನಡುವೆ ಇದ್ದರೆ ಒಳ್ಳೆಯದು. ಮೈನಸ್ 27 ಸಾಮಾನ್ಯ ಸಾಧನದ ಕೊನೆಯ ಅಂಚು. ಮೈನಸ್ 26 ಬಂದು "ನಡೀತದೆ ಬಿಡಿ" ಅಂದರೆ ಒಪ್ಪಬೇಡಿ, ಕಂಬದ ಪೆಟ್ಟಿಗೆಗೆ ತುಸು ತೇವ ಹೋದರೂ ಕೆಂಪು ದೀಪ ಮಿಣುಕುತ್ತದೆ. "ದೂರ ಜಾಸ್ತಿ ಸರ್" ಅನ್ನುವ ನೆಪ ನಿಲ್ಲುವುದಿಲ್ಲ: ಕಿಲೋಮೀಟರಿಗೆ 0.35 ಡಿಬಿ ನಷ್ಟ, ನಿಮ್ಮ 200 ಮೀಟರಿಗೆ 0.07 ಆಯಿತು. ತಪ್ಪೇನಿದ್ದರೂ ಅದು ಕೈಯಲ್ಲಿ ಒತ್ತಿ ಕೂರಿಸಿದ ಕನೆಕ್ಟರಿನಲ್ಲೋ, ಎಲ್ಲೋ ಮಡಿಕೆ ಬಿದ್ದಲ್ಲೋ, ಹಸಿರು ಕನೆಕ್ಟರನ್ನು ನೀಲಿಗೆ ಸೇರಿಸಿದ್ದರಲ್ಲೋ ಇರುತ್ತದೆ. ತುದಿಗಳನ್ನು ಮೆಷಿನ್ನಿನಲ್ಲಿ ಬೆಸೆಯಿಸಿ.

ಕಾಲುವೆ ಮುಚ್ಚುವ ಮೊದಲು ಅಳತೆ ಟೇಪು ಹಿಡಿದು ಪ್ರತಿ ಛೇಂಬರಿನ, ತಿರುವಿನ ಫೋಟೊ ತೆಗೆದು ಇಲ್ಲಿ ಹಾಕಿ, ಏನಾದರೂ ತಪ್ಪಿದ್ದರೆ ಆಗಲೇ ಹೇಳಬಹುದು.