ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ಇಂಜಿನ್ ಕೂಗುತ್ತದೆ, ಕಾರು ಏರುವುದಿಲ್ಲ. ಕ್ಲಚ್ ಹೋಗಿದೆಯಾ?

ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಏರುತ್ತದೆ, ಕಾರಿನ ವೇಗ ಏರುವುದಿಲ್ಲ ಅಂದರೆ, ಅದು ಕ್ಲಚ್ ಸ್ಲಿಪ್‌ನ, ಅಂದರೆ ಕ್ಲಚ್ ಜಾರುವುದರ, ಮುಖ್ಯ ಲಕ್ಷಣ. ಸುಟ್ಟ ವಾಸನೆಯೂ ಬಂದರೆ ಅನುಮಾನ ಇನ್ನೂ ಗಟ್ಟಿ.

ಖಚಿತ ಮಾಡಿಕೊಳ್ಳಲು ಘಟ್ಟದ ಕೆಳಗೆ, ಕುಮಟಾ ಕಡೆ, ಸಮತಟ್ಟಾದ ಖಾಲಿ ರಸ್ತೆ ಹುಡುಕಿ. ನಾಲ್ಕನೇ ಗೇರಿನಲ್ಲಿ 50 ಕಿ.ಮೀ. ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ತಟ್ಟನೆ ಮೇಲೆ ಹಾರಿ, ವೇಗ ಹಿಂದೆಯೇ ಉಳಿದರೆ ಕ್ಲಚ್ ಜಾರುತ್ತಿದೆ. ಒಂದೆರಡು ಸಲ ಸಾಕು, ಜಾಸ್ತಿ ಮಾಡಿದರೆ ಕ್ಲಚ್ ಪ್ಲೇಟ್ ಕಾಯುತ್ತದೆ.

ಹಾಗಂತ ಸುಮ್ನೆ ಕ್ಲಚ್ ಸೆಟ್ ಬದಲಿಸಬೇಡಿ. ಕೇಬಲ್ ಕ್ಲಚ್ ಆದರೆ ಮೊದಲು ಪೆಡಲ್‌ನ ಫ್ರೀ ಪ್ಲೇ (ಒತ್ತಲು ಶುರುಮಾಡಿದಾಗ ಬಿಗಿಯಿಲ್ಲದೆ ಸಡಿಲವಾಗಿ ಆಡುವ ಸ್ವಲ್ಪ ದೂರ) ನೋಡಿಸಿ. ಅದು ಇಲ್ಲದಿದ್ದರೆ ಪ್ಲೇಟ್ ಪೂರ್ತಿ ಕಚ್ಚುವುದಿಲ್ಲ. ಅಡ್ಜಸ್ಟ್ ಮಾಡಿದರೆ ಸರಿಹೋಗಬಹುದು. ಗೇರ್‌ಬಾಕ್ಸ್ ಇಳಿಸಿದರೆ ಆಯಿಲ್ ಸೀಲ್ ಸೋರುತ್ತಿದೆಯೇ ನೋಡಲು ಹೇಳಿ. ಎಣ್ಣೆ ತಾಗಿದರೆ ಹೊಸ ಪ್ಲೇಟೂ ಜಾರುತ್ತದೆ. ಅಲ್ಲಿಯವರೆಗೆ ಲೋಡ್ ಹಾಕಿಕೊಂಡು ಘಟ್ಟ ಹತ್ತಬೇಡಿ.